ಮಕ್ಕಳಿಗೆ ‘ಕಣ್ಣು ಬಂದಾವ’: ನೋಡಿದ್ರ ಹತ್ತಂಗಿಲ್ಲ, ಟವೆಲ್ ಮುಟ್ಟಿದ್ರ ಹತ್ತತದ

ಇಂಡಿ: ಮಳೆಗಾಲ ಬಂತಂದ್ರ ನಮ್ಮ ಭಾಗದ ಶಾಲೆಗಳಲ್ಲಿ ‘ಸರ್, ಇವಗ ಕಣ್ಣು ಬಂದಾವ್ರಿ’ ಎಂಬ ಮಾತು ಶುರುವಾಗುತ್ತದೆ. ಡಾಕ್ಟರ್ ಇದನ್ನು ಕಂಜಂಕ್ಟಿವೈಟಿಸ್ ಅಂತಾರೆ, ಜನ ಮದ್ರಾಸ್ ಐ ಅಂತಾರೆ. 2023ರ ಜುಲೈ-ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ರಾಜ್ಯದ ಪ್ರಕರಣಗಳು 40 ಸಾವಿರ ದಾಟಿದ್ದವು. ಬೀದರ್, ಹಾವೇರಿ, ರಾಯಚೂರು ಮುಂಚೂಣಿಯಲ್ಲಿದ್ದವು. ಆಗಿನ ಪಾಠ ಈಗಲೂ ಬೇಕು.

ಕಣ್ಣು ಬಂದವರ ಮುಖ ನೋಡಿದರೆ ರೋಗ ಅಂಟುವುದಿಲ್ಲ. ಕಣ್ಣೀರು, ಪಿಸರು ತಾಗಿದ ಕೈ, ಟವೆಲ್, ಕರವಸ್ತ್ರ, ದಿಂಬಿನಿಂದ ಅಂಟುತ್ತದೆ. ಹಾಗಾಗಿ ಒಂದೇ ಟವೆಲ್ ಹತ್ತು ಮಕ್ಕಳು ಬಳಸುವ ಹಾಸ್ಟೆಲ್‌ಗಳಲ್ಲಿ ಅಪಾಯ ಹೆಚ್ಚು.

ಗುರುತಿಸೋದು ಹೆಂಗ? ಕಣ್ಣು ಕೆಂಪಾಗಿ ನೀರು ಸುರಿದು, ಉಸುಕು ಬಿದ್ದಂಗ ಚುಚ್ಚಿದರೆ ಹೆಚ್ಚಾಗಿ ವೈರಸ್. ಹಳದಿ ಪಿಸರು ಬಂದು ಬೆಳಿಗ್ಗೆ ರೆಪ್ಪೆ ಅಂಟಿಕೊಂಡರೆ ಬ್ಯಾಕ್ಟೀರಿಯಾ ಇರಬಹುದು. ಬರೀ ತುರಿಕೆ ಜಾಸ್ತಿ ಇದ್ದರೆ ಅಲರ್ಜಿ ಇರಬಹುದು, ಅದು ಇನ್ನೊಬ್ಬರಿಗೆ ಹರಡಲ್ಲ. ವಿಪರೀತ ನೋವು, ಬೆಳಕು ನೋಡಲಾಗದಿರುವುದು, ಮಂಜು ಕಾಣುವುದು ಇದ್ದರೆ ತಡ ಮಾಡದೆ ತಾಲೂಕು ಆಸ್ಪತ್ರೆಗೆ ತೋರಿಸಿ.

ದೊಡ್ಡ ತಪ್ಪು ಆಗೋದು ಮೆಡಿಕಲ್ ಅಂಗಡಿಯಲ್ಲಿ. ಚೀಟಿ ಇಲ್ಲದೆ ತಂದ ಡ್ರಾಪ್ಸ್‌ನಲ್ಲಿ ಸ್ಟೆರಾಯ್ಡ್ ಇದ್ದರೆ ಕೆಂಪು ಬೇಗ ಇಳಿಯುತ್ತದೆ. ಆದರೆ ಕೆಲವು ಸೋಂಕುಗಳಲ್ಲಿ ಅದೇ ಔಷಧ ದೃಷ್ಟಿಗೇ ಕುತ್ತು ತರಬಹುದು. ವೈರಸ್‌ಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಎದೆಹಾಲು, ಜೇನು, ಕಾಡಿಗೆ ಹಾಕಬೇಡಿ. ಕಾಯಿಸಿ ಆರಿಸಿದ ನೀರಲ್ಲಿ ಸ್ವಚ್ಛ ಅರಿವೆ ಅದ್ದಿ ಒರೆಸಿದರೆ ಸಾಕು.

ಇನ್ನು ಹಾಜರಿ ಪ್ರಶ್ನೆ. ಕೂಲಿಗೆ ಹೋಗುವ ತಾಯಿಗೆ ಮಗುವನ್ನು ಮನ್ಯಾಗ ಇಟ್ಟುಕೊಂಡು ಕೂಡೋದು ಒಂದು ದಿನದ ಪಗಾರ ಕಳೆದುಕೊಂಡಂಗ. ಅದಕ್ಕೇ ಕೆಂಪು ಕಣ್ಣಲ್ಲೇ ಮಕ್ಕಳು ಶಾಲೆಗೆ ಬರುತ್ತಾರೆ. ಅವರನ್ನು ಬೈದರೆ ಪ್ರಯೋಜನವಿಲ್ಲ. ಪಿಸರು, ನೀರು ನಿಲ್ಲುವ ತನಕ ರಜೆ ಕೊಟ್ಟು, ತಪ್ಪಿದ ಪಾಠ ಆಮೇಲೆ ಹೇಳಿಕೊಡುತ್ತೇವೆ ಎಂದು ಶಿಕ್ಷಕರು ಭರವಸೆ ಕೊಡಬೇಕು.

‘ಕೈ ತೊಳೀರಿ’ ಎಂಬ ಸುತ್ತೋಲೆಗೆ ಬೆಲೆ ಬರೋದು ನಳದಲ್ಲಿ ನೀರು, ಪಕ್ಕದಲ್ಲಿ ಸೋಪು ಇದ್ದಾಗ ಮಾತ್ರ. ಬಿಸಿಯೂಟಕ್ಕೆ ಮುಂಚೆ ನಿಮ್ಮೂರ ಶಾಲೆಯ ನಳ ತಿರುವಿ ನೋಡಿ. ನೀರು ಬರದಿದ್ದರೆ ಎಸ್‌ಡಿಎಂಸಿ, ಪಂಚಾಯಿತಿಯವರನ್ನು ಇವತ್ತೇ ಕೇಳಿ.