‘ಮುತ್ತಿನ ಹಾರ’ ಮತ್ತು ಅದರ ನಿರ್ದೇಶಕರು: ನಮ್ಮ ಅನಿಸಿಕೆ

ಯುದ್ಧದ ಚಿತ್ರವೆಂದರೆ ನಮ್ಮ ಹುಡುಗರಿಗೆ ಬಲು ಅಚ್ಚುಮೆಚ್ಚು. ನೀಲಗಿರಿಯವರಾದ ನಮಗೆ ಸೈನ್ಯವೇನೂ ದೂರದ ಮಾತಲ್ಲ. ಕೂನೂರಿನ ಪಕ್ಕದ ವೆಲ್ಲಿಂಗ್ಟನ್ನಿನಲ್ಲಿ ಮದ್ರಾಸ್ ರೆಜಿಮೆಂಟಿನ ಕೇಂದ್ರವಿದೆ, ಸೇನಾಧಿಕಾರಿಗಳ ಸ್ಟಾಫ್ ಕಾಲೇಜಿದೆ. 1971ರ ಯುದ್ಧದಲ್ಲಿ ಭೂಸೇನೆಯ ಮುಖ್ಯಸ್ಥರಾಗಿದ್ದ ಮಾಣೆಕ್‌ಷಾ ಅವರು ನಿವೃತ್ತರಾದ ಮೇಲೆ ಕೂನೂರಿನಲ್ಲೇ ನೆಲೆಸಿ, 2008ರಲ್ಲಿ ವೆಲ್ಲಿಂಗ್ಟನ್ನಿನ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೀಗಿರಲು, ‘ನಾನೂ ಮಿಲಿಟರಿಗೆ ಸೇರುತ್ತೇನೆ’ ಎಂದು ಒಮ್ಮೆಯಾದರೂ ಹೇಳದ ಹುಡುಗ ನಮ್ಮಲ್ಲಿ ಅಪರೂಪ. ಅಂಥ ಹುಡುಗರೂ ಅವರ ತಾಯ್ತಂದೆಯರೂ ಒಟ್ಟಿಗೆ ಕುಳಿತು ನೋಡಬೇಕಾದ ಕನ್ನಡ ಚಿತ್ರವೊಂದಿದೆ. ಅದೇ ರಾಜೇಂದ್ರಸಿಂಗ್ ಬಾಬು ಅವರು 1990ರಲ್ಲಿ ತೆರೆಗಿತ್ತ ‘ಮುತ್ತಿನ ಹಾರ’.

ಕಥಾನಾಯಕ ಅಚ್ಚಪ್ಪ ಕೊಡಗಿನವನು. ಕಾರ್ಯಪ್ಪ, ತಿಮ್ಮಯ್ಯನವರಂಥ ದಂಡನಾಯಕರನ್ನು ಹೆತ್ತ ನಾಡಿನವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದಾದಿಯಾಗಿದ್ದ ಅನ್ನಪೂರ್ಣೆಯನ್ನು ಕಂಡು, ಒಲಿದು, ಮದುವೆಯಾಗುತ್ತಾನೆ. ಒಬ್ಬ ಮಗ ಹುಟ್ಟುತ್ತಾನೆ. ಆ ಕಂದನನ್ನು ಯುದ್ಧವೇ ನುಂಗುತ್ತದೆ; ಕಡೆಗೆ ಅಚ್ಚಪ್ಪನೂ ಉಳಿಯುವುದಿಲ್ಲ. ವಿಷ್ಣುವರ್ಧನ್ ಮತ್ತು ಸುಹಾಸಿನಿಯವರ ಅಭಿನಯ, ಹಂಸಲೇಖರ ಸಂಗೀತ, ಬಾಲಮುರಳಿಕೃಷ್ಣರ ಕಂಠ, ಇವನ್ನು ಮೆಚ್ಚದವರಿಲ್ಲ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು.

ಆದರೆ ನಮಗೆ ಹಿಡಿಸಿದ್ದು ಕಾಳಗದ ದೃಶ್ಯಗಳಲ್ಲ. ಒಬ್ಬನೇ ಹತ್ತಾರು ಜನರನ್ನು ಎದುರಿಸುವುದು ಸಿನಿಮಾದ ಹಳೆಯ ಪದ್ಧತಿ. ಎದುರು ಪಕ್ಷದವರನ್ನು ಬರಿಯ ಕ್ರೂರಿಗಳನ್ನಾಗಿ ತೋರಿಸಿರುವುದೂ ನಮಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಅವರ ಮನೆಗಳಲ್ಲೂ ದಾರಿ ನೋಡುವವರು ಇದ್ದಿರಬೇಕಷ್ಟೆ? ಚಿತ್ರ ಮೇಲೇಳುವುದು ಅನ್ನಪೂರ್ಣೆಯಿಂದ. ಗಾಯಗಳಿಗೆ ಪಟ್ಟಿ ಕಟ್ಟಿದ ಕೈಯೇ ತನ್ನ ಮಗುವನ್ನು ಕಳೆದುಕೊಳ್ಳುತ್ತದೆ. ಪದಕ ಬರುವುದು ಗಂಡಸಿಗೆ. ಅದರ ಬೆಲೆ ತೆರುವವಳು ಮನೆಯಲ್ಲಿರುತ್ತಾಳೆ. ಸೈನ್ಯಕ್ಕೆ ಸೇರಬೇಕೆನ್ನುವ ಹುಡುಗ ಇದನ್ನು ತಿಳಿದೇ ಸೇರಲಿ. ‘ಮಕ್ಕಳನ್ನೇಕೆ ಅಳಿಸಬೇಕು’ ಎಂದು ಕೇಳುವ ಪೋಷಕರುಂಟು. ಹೊಡೆದಾಟ ನೋಡಿ ಶಿಳ್ಳೆ ಹಾಕುವುದಕ್ಕಿಂತ ಈ ಅಳು ಒಳ್ಳೆಯದೆಂದೇ ನಮ್ಮ ಅಭಿಪ್ರಾಯ.

ಬಾಬು ಅವರದು ಒಂದೇ ದಾರಿಯಲ್ಲ. ಇದೇ ಜೋಡಿಯನ್ನಿಟ್ಟುಕೊಂಡು 1984ರಲ್ಲಿ ಉಷಾ ನವರತ್ನರಾಂ ಅವರ ಕಾದಂಬರಿಯಿಂದ ‘ಬಂಧನ’ ಮಾಡಿದರು. ತ್ರಿವೇಣಿಯವರ ‘ಹೂವು ಹಣ್ಣು’ ಕಾದಂಬರಿಯನ್ನೂ 1993ರಲ್ಲಿ ತೆರೆಗೆ ತಂದರು. ಹೆಂಗಸರ ನೋವನ್ನು ಅವರು ಬಲ್ಲರೆಂಬುದಕ್ಕೆ ಇವು ಸಾಕ್ಷಿ. 2001ರ ‘ಕುರಿಗಳು ಸಾರ್ ಕುರಿಗಳು’ ಬರೀ ನಗು. ಅವರೇ ಇವರೇ ಎಂದು ಅಚ್ಚರಿಯಾಗುತ್ತದೆ!

ಅಂಬರೀಷ್ ನಟಿಸಿದ ‘ಅಂತ’ದ ವಿಷಯ ಬೇರೆ. ಎಚ್. ಕೆ. ಅನಂತರಾವ್ ಅವರ ಕಾದಂಬರಿಯನ್ನು ಆಧರಿಸಿ 1981ರಲ್ಲಿ ಬಂದ ಈ ಚಿತ್ರ ದೊಡ್ಡವರ ಭ್ರಷ್ಟಾಚಾರವನ್ನು ಧೈರ್ಯವಾಗಿ ಬಯಲಿಗೆಳೆಯಿತು, ನಿಜ. ಅದರ ಚಿತ್ರಹಿಂಸೆಯ ದೃಶ್ಯಗಳು ಮಾತ್ರ ಶಾಲೆಯ ಮಕ್ಕಳಿಗೆ ತಕ್ಕವಲ್ಲ. ಕಾಲೇಜು ಸೇರಿದ ಮೇಲೆ ನೋಡಿದರಾಯಿತು. ಅಲ್ಲಿಯವರೆಗೆ ಕೆಳಗಿನ ತರಗತಿಯ ಪುಟಾಣಿಗಳಿಗೆ ಅದೇ ವರ್ಷ ಅದೇ ನಿರ್ದೇಶಕರು ಮಾಡಿದ ‘ಸಿಂಹದ ಮರಿ ಸೈನ್ಯ’ ಇದ್ದೇ ಇದೆ.