ಕ್ಯಾನ್ಸರ್ ಅಲ್ಲ ಎಂದಾಕ್ಷಣ ನಿಶ್ಚಿಂತೆಯೇ?

ಚೆನ್ನೈನ ಸವೀತಾ ದಂತ ವೈದ್ಯಕೀಯ ಕಾಲೇಜಿನ ವೈದ್ಯರು 2019ರಲ್ಲಿ ಏಳು ವರ್ಷದ ಬಾಲಕನೊಬ್ಬನ ಕೆಳದವಡೆಯಿಂದ 526 ಹಲ್ಲುಗಳಿದ್ದ ಚೀಲವೊಂದನ್ನು ಹೊರತೆಗೆದರು. ಆ ಸಂಖ್ಯೆಯೇ ಜಗತ್ತಿನೆಲ್ಲೆಡೆ ಸುದ್ದಿಯಾಯಿತು. ಬಾವು ಮೊದಲು ಕಂಡಾಗ ಮಗುವಿಗೆ ಮೂರೇ ವರ್ಷ ಎಂಬುದು ಮಾತ್ರ ಯಾರ ಮನಸ್ಸಿನಲ್ಲೂ ಉಳಿಯಲಿಲ್ಲ. ಊತ ಅಷ್ಟೇನೂ ದೊಡ್ಡದಿರಲಿಲ್ಲ. ಮಗು ಪರೀಕ್ಷೆಗೆ ಸಹಕರಿಸಲಿಲ್ಲ. ಹಾಗೆಯೇ ನಾಲ್ಕು ವರ್ಷ ಕಳೆಯಿತು.

ಹಲ್ಲಿನ ಅಂಗಾಂಶವೇ ದಾರಿತಪ್ಪಿ ಬೆಳೆಯುವ ಈ ಗೆಡ್ಡೆಗೆ ಒಡಾಂಟೋಮಾ ಎಂದು ಹೆಸರು. ಇದು ಕ್ಯಾನ್ಸರ್ ಅಲ್ಲ. ಪೂರ್ಣವಾಗಿ ತೆಗೆದರೆ ಮರುಕಳಿಸುವುದು ತೀರಾ ಅಪರೂಪ. ಚೆನ್ನೈ ವೈದ್ಯರು ದವಡೆಯನ್ನು ಪಕ್ಕದಿಂದ ಒಡೆಯದೆ ಮೇಲಿನಿಂದ ಕೊರೆದು ಚೀಲವನ್ನು ತೆಗೆದದ್ದರಿಂದ ಮೂಳೆಯ ಮರುಜೋಡಣೆಯ ಅಗತ್ಯವೇ ಬೀಳಲಿಲ್ಲ.

ಎಲ್ಲ ಗೆಡ್ಡೆಗಳೂ ಇಷ್ಟು ಸೌಮ್ಯವಲ್ಲ. ಅಮೆಲೋಬ್ಲಾಸ್ಟೋಮಾ ಸಾಮಾನ್ಯವಾಗಿ ದೇಹದ ಬೇರೆಡೆಗೆ ಹರಡದಿದ್ದರೂ ದವಡೆಯ ಮೂಳೆಯನ್ನು ಒಳಗಿನಿಂದಲೇ ತಿನ್ನುತ್ತದೆ. ಅರೆಬರೆ ತೆಗೆದರೆ ಮತ್ತೆ ಚಿಗುರುತ್ತದೆ. ಧಾರಾಳವಾಗಿ ಮೂಳೆ ಕತ್ತರಿಸೋಣವೆಂದರೆ ಎಳೆಯ ಮುಖ ಇನ್ನೂ ಬೆಳೆಯಬೇಕು, ಶಾಶ್ವತ ಹಲ್ಲಿನ ಮೊಳಕೆಗಳು ಅದೇ ಮೂಳೆಯಲ್ಲಿವೆ. ಶಸ್ತ್ರಚಿಕಿತ್ಸಕನ ನಿಜವಾದ ಪರೀಕ್ಷೆ ಇರುವುದು ಇಲ್ಲಿಯೇ. ಇದಕ್ಕೆ ವ್ಯತಿರಿಕ್ತವಾದುದು 1933ರಲ್ಲಿ ಮೊದಲು ವರ್ಣಿಸಲಾದ ಚೆರುಬಿಸಂ. ಇದರಲ್ಲಿ ಎರಡೂ ಕೆನ್ನೆಗಳು ಊದಿಕೊಂಡು ಹೆತ್ತವರು ಕಂಗಾಲಾಗುತ್ತಾರೆ. ಆದರೆ ಹರೆಯದ ನಂತರ ಊತ ಬಹುಮಟ್ಟಿಗೆ ತಾನಾಗಿಯೇ ಇಳಿಯುವುದರಿಂದ, ದೃಷ್ಟಿಗೋ ಉಸಿರಾಟಕ್ಕೋ ತೊಂದರೆಯಾಗದಿದ್ದರೆ ಕಾಯುವುದೇ ಚಿಕಿತ್ಸೆ. ಆತುರದ ಕತ್ತರಿ ಕೂಡ ಅಪಾಯಕಾರಿಯೇ!

ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬಾರದು ಎಂಬುದನ್ನು ಎಕ್ಸ್‌-ರೇ ಮತ್ತು ಬಯಾಪ್ಸಿ ಹೇಳಬೇಕೇ ಹೊರತು ಮನೆಯವರ ಊಹೆಯಲ್ಲ. ‘ಹೇಗೂ ಬಿದ್ದುಹೋಗುವ ಹಾಲುಹಲ್ಲು’ ಎಂಬ ಉದಾಸೀನ ವಿದ್ಯಾವಂತರ ಮನೆಗಳಲ್ಲೂ ಇದೆ. ಒಂದು ಬದಿಯ ಹಲ್ಲು ಮೂಡಿ ಇನ್ನೊಂದು ಬದಿಯದು ತಿಂಗಳುಗಟ್ಟಲೆ ಮೂಡದಿದ್ದರೆ, ನೋವಿಲ್ಲದ ಊತ ಉಳಿದೇಬಿಟ್ಟರೆ, ದಂತವೈದ್ಯರನ್ನು ಕಾಣಲು ಅಷ್ಟು ಕಾರಣ ಸಾಲದೇ?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ದಂತ ಸಮಸ್ಯೆಗಳಿಗೂ ಸ್ಥಾನವಿದೆ. ತಪಾಸಣೆಗೆ ಶಾಲೆಗೆ ಬರುವ ತಂಡ ಹುಳುಕು ಹಲ್ಲು ಎಣಿಸಿ ಮುಗಿಸದೆ ದವಡೆಯನ್ನೂ ಒಮ್ಮೆ ಕೈಯಿಂದ ಸವರಿ ನೋಡಲಿ. ಅದಕ್ಕೆ ಒಂದು ನಿಮಿಷ ಸಾಕು. ಹೆಚ್ಚು ಕಷ್ಟದ್ದು ಅನಂತರದ ಹಾದಿ. ಅಮೆಲೋಬ್ಲಾಸ್ಟೋಮಾದಂಥ ಗೆಡ್ಡೆ ತೆಗೆದ ಮಗು ವರ್ಷಾನುಗಟ್ಟಲೆ ಮರುತಪಾಸಣೆಗೆ ಬರಬೇಕು. ದೂರದ ತಾಲ್ಲೂಕಿನ ಕೂಲಿಕಾರ್ಮಿಕರಿಗೆ ಅದೆಂದರೆ ಪ್ರತಿ ಸಲ ಬಸ್ ಖರ್ಚು, ಜತೆಗೆ ಒಂದು ದಿನದ ಕೂಲಿ ನಷ್ಟ. ಶಸ್ತ್ರಚಿಕಿತ್ಸೆಯ ವೆಚ್ಚ ಭರಿಸುವ ಸರ್ಕಾರ ಇದನ್ನೂ ಅದೇ ಲೆಕ್ಕಕ್ಕೆ ಸೇರಿಸಬೇಕು.