ವಿಶ್ರಾಂತಿಯೆಂದರೆ ನಿಶ್ಚಲತೆಯಲ್ಲ

ಗರ್ಭಕೋಶವನ್ನು ತೆಗೆಸಿಕೊಂಡು ಆಸ್ಪತ್ರೆಯಿಂದ ಮರಳಿದ ತಾಯಿಯನ್ನು ನಮ್ಮ ರಾಜಾಜಿನಗರ, ವಿಜಯನಗರಗಳ ಮನೆಗಳಲ್ಲಿ ಹೇಗೆ ನೋಡಿಕೊಳ್ಳುತ್ತೇವೆ? ಮೊದಲ ಕೆಲವು ದಿನ ಬಾಣಂತಿಯಂತೆ ಹಾಸಿಗೆಯಿಂದ ಏಳಗೊಡುವುದಿಲ್ಲ. ಹೊಲಿಗೆ ಬಿಚ್ಚಿದೊಡನೆ ಗುಣವಾಯಿತೆಂದು ತಿಳಿದು ಮನೆಯ ಕೆಲಸವನ್ನೆಲ್ಲ ಮತ್ತೆ ಅವರ ಮೇಲೆ ಹೊರಿಸುತ್ತೇವೆ. ಎರಡೂ ತಪ್ಪೆಂಬುದು ನಮ್ಮ ಅಭಿಪ್ರಾಯ. ಏಕೆಂಬುದನ್ನು ತಿಳಿಯಲು ಹೈಸ್ಕೂಲಿನ ಭೌತಶಾಸ್ತ್ರವೇ ಸಾಕು.

ಕಾಲಿಗಿಳಿದ ರಕ್ತವು ಮತ್ತೆ ಹೃದಯಕ್ಕೆ ಏರಬೇಕಷ್ಟೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಅಭಿಧಮನಿಗಳನ್ನು ಹಿಂಡಿ, ಪಂಪಿನಂತೆ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಒಳಗಿನ ಕವಾಟಗಳು ಅದನ್ನು ಹಿಂದಕ್ಕೆ ಹರಿಯಗೊಡುವುದಿಲ್ಲ. ಅಲುಗಾಡದೆ ಮಲಗಿದರೆ ಈ ಪಂಪು ನಿಲ್ಲುತ್ತದೆ, ಹರಿವು ಮಂದವಾಗುತ್ತದೆ, ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಹೆಪ್ಪು ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಅಪಾಯ. ಸ್ತ್ರೀರೋಗ ಶಸ್ತ್ರಚಿಕಿತ್ಸೆಯಾದವರನ್ನು ಬೇಗನೆ ಎಬ್ಬಿಸಿ ನಡೆಸಬೇಕೆಂದು ಶಿಕಾಗೋದ ವೈದ್ಯ ಎಮಿಲ್ ರೀಸ್ 1899ರಲ್ಲಿಯೇ ವಾದಿಸಿದ್ದರು. ಇಂದು ಸಾಮಾನ್ಯವಾಗಿ ಮರುದಿನದೊಳಗೆ ನಡೆಸುತ್ತಾರೆ.

ಆದರೆ ನಡೆಯುವುದು ಬೇರೆ, ಭಾರವೆತ್ತುವುದು ಬೇರೆ. ನಮ್ಮ ಮನೆಗಳಿಗೆ ಬರುವ 20 ಲೀಟರಿನ ಕ್ಯಾನಿನಲ್ಲಿ ನೀರಿನ ತೂಕವೇ 20 ಕಿಲೋಗ್ರಾಂ. ಉಸಿರು ಬಿಗಿಹಿಡಿದು ಅದನ್ನೆತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. ಆ ಒತ್ತಡವು, ದ್ರವದಲ್ಲಿ ಹರಡುವಂತೆ, ಎಲ್ಲ ದಿಕ್ಕಿಗೂ ಹರಡಿ ಹೊಸ ಹೊಲಿಗೆಗಳನ್ನೂ ಕಿಬ್ಬೊಟ್ಟೆಯ ತಳದಲ್ಲಿ ಅಂಗಗಳನ್ನು ಹೊತ್ತ ಸ್ನಾಯುಗಳನ್ನೂ ಒತ್ತುತ್ತದೆ. ಹೊರಗಿನ ಚರ್ಮ ಕೂಡಿಕೊಂಡರೂ ಒಳಪದರಗಳು ಬಲಗೊಳ್ಳಲು ವಾರಗಳೇ ಬೇಕು. ಸುಮಾರು 6 ವಾರ ಭಾರವೆತ್ತಬಾರದೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಆ ತಳದ ಸ್ನಾಯುಗಳನ್ನು ಬಿಗಿಮಾಡಿ ಸಡಿಲಿಸುವ ವ್ಯಾಯಾಮವನ್ನು ಅಮೆರಿಕದ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಚಾರಕ್ಕೆ ತಂದರು. ಕೆಮ್ಮಿದಾಗ ಮೂತ್ರ ಜಿನುಗುವ ತೊಂದರೆಗೆ ಅದು ಒಳ್ಳೆಯ ಉಪಾಯ. ಆದರೆ ನಾಚಿಕೆಯಿಂದ ಆ ತೊಂದರೆಯನ್ನು ಹೇಳಿಕೊಳ್ಳದವರಿಗೆ ಈ ಉಪಾಯವನ್ನು ಕಲಿಸುವವರಾದರೂ ಯಾರು?

ಇದು ಕೆಲವರ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 3ಕ್ಕಿಂತ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡವರು. ಆದಕಾರಣ ಆಸ್ಪತ್ರೆಯಿಂದ ಕಳುಹಿಸುವಾಗ ಔಷಧದ ಚೀಟಿಯೊಡನೆ ಫಿಸಿಯೋಥೆರಪಿಸ್ಟರ ಸಲಹೆಯೂ, ಅದೂ ಮನೆಯವರ ಸಮಕ್ಷಮದಲ್ಲಿ, ಪ್ರತಿಯೊಬ್ಬರಿಗೂ ದೊರೆಯಬೇಕು. ಔಷಧವನ್ನು ರೋಗಿಯೇ ನುಂಗಬಹುದು. ಭಾರವನ್ನು ಮಾತ್ರ ಮನೆಯವರೇ ಇಳಿಸಬೇಕು.

ವಿದ್ಯಾರ್ಥಿಮಿತ್ರರೆ, ನಿಮ್ಮ ಮನೆಯಲ್ಲಿ ಇಂಥ ಸಂದರ್ಭ ಬಂದಾಗ ವೈದ್ಯರ ಅನುಮತಿ ಕೇಳಿಕೊಂಡು, ಸಂಜೆ ತಾಯಿಯೊಡನೆ ಬೀದಿಯ ತುದಿಯವರೆಗೆ ನಡೆದು ಬನ್ನಿ. ನೀರಿನ ಕ್ಯಾನನ್ನು ನೀವೇ ಎತ್ತಿಡಿ.